ಇಪ್ಪತ್ತೇಳನೇ ಮನೆಯ ಹಿಂಬಾಗಿಲು

ಕಚೇರಿಯಲ್ಲಿ ಅವಳನ್ನು ಎಲ್ಲರೂ ಎಣಿಕೆಯಕ್ಕ ಎಂದೇ ಕರೆಯುತ್ತಿದ್ದರು. ಎದುರಿಗೆ ಗೌರವಕ್ಕೆ, ಬೆನ್ನ ಹಿಂದೆ ತಮಾಷೆಗೆ. ಎರಡೂ ಅವಳಿಗೆ ಗೊತ್ತಿತ್ತು, ಎರಡಕ್ಕೂ ಓಗೊಡುತ್ತಿದ್ದಳು. ನಗರಸಭೆಯ ಸಮೀಕ್ಷೆ ವಿಭಾಗದಲ್ಲಿ ಮೂವತ್ತಮೂರು ವರ್ಷ ಅವಳು ಮಾಡಿದ್ದು ಒಂದೇ ಕೆಲಸ: ಹೋಗುವುದು, ನೋಡುವುದು, ಎಣಿಸುವುದು, ಬರೆಯುವುದು. ಬೀದಿದೀಪ, ಚರಂಡಿ ಮುಚ್ಚಳ, ಮರ, ನಲ್ಲಿ, ಶಾಲೆಯ ಬೆಂಚು, ಒಡೆದ ಕಿಟಕಿ, ಯಾವುದನ್ನೂ ಬಿಟ್ಟವಳಲ್ಲ. ಎಣಿಸಿ ಎಣಿಸಿ ಅದೇ ಚಾಳಿಯಾಗಿ, ಮೆಟ್ಟಿಲು ಹತ್ತುವಾಗಲೂ ಅವಳ ತುಟಿ ಅಲುಗುತ್ತಿತ್ತು. ಅವಳ ಗಂಡ ಬಸ್ಸು ಓಡಿಸಿ ನಿವೃತ್ತನಾದವನು, ಬಾಯಿ ಸುಮ್ಮನಿರುವ ಆಸಾಮಿಯಲ್ಲ. “ಮದುವೆ ದಿನ ನನ್ನ ಮುಖ ನೋಡೋದು ಬಿಟ್ಟು ಅಂಗಿ ಗುಂಡಿ ಎಣಿಸಿದ್ಲು ಇವಳು. ಒಂದು ಕಮ್ಮಿ ಇತ್ತು. ಈವತ್ತಿನವರೆಗೂ ಅದನ್ನ ಬಿಟ್ಟಿಲ್ಲ,” ಎಂದು ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದ.

ಅವಳ ಲೆಕ್ಕ ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ. ಬೇರೆಯವರು ಚಹಾ ಅಂಗಡಿಯಲ್ಲಿ ಕೂತು ಅಂದಾಜಿಗೆ ಅಂಕಿ ತುಂಬುತ್ತಿದ್ದ ಕಾಲದಲ್ಲೂ ಅವಳು ನೀಲಿ ಕೊಡೆ ಹಿಡಿದು, ಕ್ಲಿಪ್ಪಿನ ಹಲಗೆ ಎದೆಗವಚಿಕೊಂಡು ಬೀದಿ ಬೀದಿ ಸುತ್ತಿದವಳು. ಹೊಸದಾಗಿ ಸೇರಿದವರಿಗೆ ಸಾಹೇಬರು ಅವಳ ಕಡೆ ಬೆರಳು ತೋರಿಸಿ, “ಕಲಿಯೋದಿದ್ರೆ ಅಲ್ಲಿ ಕಲೀರಿ,” ಎನ್ನುತ್ತಿದ್ದರು. ಒಳಗೊಳಗೇ ಹಿಗ್ಗುತ್ತಿದ್ದಳು. ಹಿಗ್ಗದೆ ಇರಲು ಅವಳೇನು ಕಲ್ಲಲ್ಲ.

ಅವಳ ಬಳಿ ಸದಾ ಎರಡು ಬರಹ ಇರುತ್ತಿದ್ದವು. ಒಂದು, ಕಚೇರಿ ಕೊಟ್ಟ ಫಾರಂ. ಅದರಲ್ಲಿ ಕಾಲಂ ಇದ್ದಷ್ಟೇ ಬರೆಯುವುದು, ಶಾಯಿಯಲ್ಲಿ, ಚಿತ್ತಿಲ್ಲದೆ. ಇನ್ನೊಂದು, ಅವಳದೇ ಕಚ್ಚಾ ಪುಸ್ತಕ. ಅದರಲ್ಲಿ ಪೆನ್ಸಿಲಿನಲ್ಲಿ ಕಂಡದ್ದು, ಕೇಳಿದ್ದು, ಮೂಗಿಗೆ ಬಡಿದದ್ದು ಎಲ್ಲ. ಫಾರಂ ಕಚೇರಿಗೆ ಹೋಗುತ್ತಿತ್ತು, ಕಚ್ಚಾ ಪುಸ್ತಕ ಮನೆಯ ಟ್ರಂಕಿಗೆ. ಕಚೇರಿಗಳಿಗೆ ಒಂದು ಗುಣವಿದೆ, ಕಾಲಂ ಇಲ್ಲದ್ದು ಅವಕ್ಕೆ ಈ ಲೋಕದಲ್ಲೇ ಇಲ್ಲ.

ಹನ್ನೆರಡು ವರ್ಷದ ಹಿಂದೆ ಹಳೇ ಬೀದಿಯ ಸಮೀಕ್ಷೆ ಅವಳ ಪಾಲಿಗೆ ಬಂದಿತ್ತು. ನೂರಾ ಹನ್ನೆರಡು ಮನೆ. ಮರದ ಕೆತ್ತನೆಯ ಉಪ್ಪರಿಗೆ, ಕಲ್ಲಿನ ಚೌಕಟ್ಟು, ಉದುರುತ್ತಿದ್ದ ಗಾರೆ. ಆ ಬೀದಿಯನ್ನು ಊರಿನ ಪರಂಪರೆಯೆಂದು ಘೋಷಿಸಿ, ದುರಸ್ತಿ ಮಾಡಿ, ನೋಡಲು ಜನ ಬರುವಂತೆ ಮಾಡಬೇಕು, ಅದರಿಂದ ಸುತ್ತಣ ಪ್ರದೇಶವೆಲ್ಲ ಏಳಿಗೆಯಾಗಬೇಕು ಎಂಬುದು ಯೋಜನೆ. ಆಸೆಯೇನೋ ಒಳ್ಳೆಯದೇ. ಮೊದಲ ಹೆಜ್ಜೆಯಾಗಿ ಯಾವ ಮನೆಯಲ್ಲಿ ಜನ ಇದ್ದಾರೆ, ಯಾವುದು ಖಾಲಿ ಎಂದು ತಿಳಿಯಬೇಕಿತ್ತು. ನಿಯಮ ಸರಳವಾಗಿತ್ತು. ಬೀದಿಯಲ್ಲಿ ನಿಂತು ಮುಂಬಾಗಿಲು ನೋಡುವುದು. ಬೇರೆ ಬೇರೆ ದಿನ, ಬೇರೆ ಬೇರೆ ಹೊತ್ತಿನಲ್ಲಿ ಮೂರು ಸಲ ಹೋದಾಗಲೂ ಹೊರಗೆ ಬೀಗವಿದ್ದರೆ ‘ಖಾಲಿ’ ಎಂದು ಬರೆಯುವುದು.

ಎಣಿಕೆಯಕ್ಕ ಮೂರು ಸಲ ಹೋದಳು. ನಲವತ್ತೊಂದು ಮನೆಗೆ ಮೂರು ಸಲವೂ ಬೀಗ. ನಲವತ್ತೊಂದು ಸಲ ‘ಖಾಲಿ’ ಎಂದು ದುಂಡಗೆ ಬರೆದಳು. ಇಪ್ಪತ್ತೇಳನೇ ಮನೆಯ ಮುಂದೆ ಮೂರನೇ ಸಲ ನಿಂತಾಗ ಒಳಗೆಲ್ಲೋ ಟಕ್ ಟಕ್ ಎಂದು ಸಣ್ಣ ಸುತ್ತಿಗೆಯ ಸದ್ದು ಕೇಳಿತ್ತು. ಅವಳು ತಲೆ ಎತ್ತಿದ್ದೇ ತಡ, ಸದ್ದು ನಿಂತುಹೋಯಿತು. ಬಾಗಿಲಲ್ಲಿ ತುಕ್ಕು ಹಿಡಿದ ದೊಡ್ಡ ಬೀಗ ನೇತಾಡುತ್ತಿತ್ತು. ಫಾರಮ್ಮಿನಲ್ಲಿ ‘ಖಾಲಿ’ ಎಂದಳು. ಕಚ್ಚಾ ಪುಸ್ತಕದಲ್ಲಿ ಪೆನ್ಸಿಲಿನಿಂದ ‘ಹಿಂದೆ ಸದ್ದು, ನಿಂತಿತು’ ಎಂದು ಗೀಚಿ ಮುಂದಿನ ಮನೆಗೆ ನಡೆದಳು.

ಒಂದೂವರೆ ವರ್ಷ ಕಳೆದ ಮೇಲೆ, ಮನೆಗಳ ಎರಡನೇ ಫೋಟೋ ತೆಗೆಯಲು ಹೋದಾಗ ಅದೇ ಮನೆಯ ಪಕ್ಕದ ಸಂದಿಯಿಂದ ಒಂದು ಕೈಗಾಡಿ ಹೊರಬರುವುದನ್ನು ಕಂಡಳು. ಗಾಡಿಯಲ್ಲಿ ಪುಸ್ತಕ ಅದುಮುವ ಕಬ್ಬಿಣದ ಒತ್ತುಯಂತ್ರ, ರಟ್ಟಿನ ಕಟ್ಟು, ಹಾಸಿಗೆ ಸುರುಳಿ. ಹಿಂದೆ ಒಬ್ಬ ಗಂಡಸು, ಕೈಯಲ್ಲಿ ಗುಂಡುಮೊಗದ ಸುತ್ತಿಗೆ. ಅವನ ತೋಳು ಹಿಡಿದು ಒಬ್ಬ ಮುದುಕಿ, ಇನ್ನೊಂದು ಕೈಯಿಂದ ಗೋಡೆ ಸವರುತ್ತ ಸವರುತ್ತ ಬರುತ್ತಿದ್ದಳು. ಗೋಡೆ ಮುಗಿದ ಕಡೆ ಆ ಕೈ ಗಾಳಿಯಲ್ಲಿ ಹಾಗೇ ನಿಂತಿತು.

ಎಣಿಕೆಯಕ್ಕ ಫೋಟೋ ತೆಗೆಯುವುದನ್ನು ಬಿಟ್ಟಳು. ಪಕ್ಕದ ಅಂಗಡಿಯವನನ್ನು ಕೇಳಿದಳು. ಅವನು ಸಲೀಸಾಗಿ ಹೇಳಿದ. ಮನೆ ಮುಂದಿನ ಬೀದಿಯಲ್ಲಿ ಲಾರಿ ಓಡಾಟ, ಧೂಳೋ ಧೂಳು. ಅಂಟು, ಬಣ್ಣ, ವಾರ್ನಿಷ್ ಇಟ್ಟುಕೊಂಡು ಕೆಲಸ ಮಾಡುವವರು ಎಂದೋ ಮುಂಬಾಗಿಲಿಗೆ ಹೊರಗಿಂದ ಬೀಗ ಜಡಿದು ಹಿಂದಿನ ಓಣಿಯಿಂದ ಓಡಾಡುತ್ತಿದ್ದರು. ಎಲ್ಲ ಬಾಯಿಮಾತಿನ ಬಾಡಿಗೆ, ಯಾರ ಹತ್ತಿರವೂ ಒಂದು ಚೀಟಿ ಇಲ್ಲ. ಮನೆ ಮಾಲೀಕರು ನಗರಸಭೆಯ ಪಟ್ಟಿ ತೋರಿಸಿ, “ಸರ್ಕಾರವೇ ಖಾಲಿ ಅಂತ ಬರೆದಿದೆ, ನೀವು ಯಾರು?” ಎಂದರು. ಎಬ್ಬಿಸಿದವರಿಗೆ ಬೇರೆ ಮನೆ ಕೊಡಬೇಕೆಂಬ ನಿಯಮ ಯೋಜನೆಯಲ್ಲಿತ್ತು. ಆದರೆ ಇಲ್ಲದವರನ್ನು ಎಬ್ಬಿಸುವುದು ಹೇಗೆ, ಕೊಡುವುದು ಯಾರಿಗೆ?

ಆ ಸಂಜೆ ಟ್ರಂಕು ತೆರೆದು ಕಚ್ಚಾ ಪುಸ್ತಕ ನೋಡಿದಳು. ನಲವತ್ತೊಂದು ಖಾಲಿ ಮನೆಗಳಲ್ಲಿ ಹತ್ತೊಂಬತ್ತರ ಪಕ್ಕ ಅವಳದೇ ಕೈಬರಹ: ‘ಹಿಂದೆ ಸದ್ದು.’ ‘ಮೇಲೆ ಒಗೆದ ಬಟ್ಟೆ.’ ‘ಹೊಗೆ ವಾಸನೆ.’ ಗಂಡನಿಗೆ ಹೇಳಿ ಅತ್ತಳು. ಬೇರೆ ಯಾರಿಗೂ ಹೇಳಲಿಲ್ಲ. ಪುಸ್ತಕವನ್ನು ಟ್ರಂಕಿನ ತಳಕ್ಕೆ ಹಾಕಿ ಮೇಲೆ ಹಳೇ ಕಂಬಳಿ ಮುಚ್ಚಿದಳು. ತಪ್ಪಿಲ್ಲದವಳು ಎಂಬ ಹೆಸರು ಎಷ್ಟು ಭಾರವೆಂದು ಹೊತ್ತವರಿಗೇ ಗೊತ್ತು.

ಹಳೇ ಬೀದಿ ಚಂದವಾಯಿತು, ಅದರಲ್ಲಿ ಎರಡು ಮಾತಿಲ್ಲ. ಲಾರಿಗಳನ್ನು ಬೇರೆ ದಾರಿಗೆ ತಿರುಗಿಸಿದರು, ಕೆತ್ತನೆ ತೊಳೆದರು, ಉಪ್ಪರಿಗೆಗಳಲ್ಲಿ ಹೂಕುಂಡ ಇಟ್ಟರು. ಇಪ್ಪತ್ತೇಳನೇ ಮನೆ ಪ್ರವಾಸಿಗಳು ತಂಗುವ ಜಾಗವಾಯಿತು. ಅದರ ಗೋಡೆಗೆ ‘ಹಿಂದೆ ಇಲ್ಲಿ ಪುಸ್ತಕ ಕಟ್ಟುವವರು ವಾಸಿಸುತ್ತಿದ್ದರು’ ಎಂಬ ಹಿತ್ತಾಳೆ ಫಲಕ ಬೇರೆ. ಖಾಲಿ ಎಂದು ಬರೆದವರೇ ಇದ್ದರು ಎಂದೂ ಬರೆದರು. ನಾಚಿಕೆ ಎಂಬುದಕ್ಕೂ ಬಹುಶಃ ಕಾಲಂ ಇರಲಿಲ್ಲ.

ಹೀಗೆ ಹನ್ನೆರಡು ವರ್ಷ ಉರುಳಿ, ಎಣಿಕೆಯಕ್ಕನ ನಿವೃತ್ತಿಗೆ ಎರಡು ತಿಂಗಳು ಉಳಿದಿದ್ದಾಗ, ಯೋಜನೆ ಗೆದ್ದಿತೋ ಸೋತಿತೋ ಎಂದು ತೂಗಿ ನೋಡಲು ಮೇಲಿನ ಕಚೇರಿಯಿಂದ ಮೌಲ್ಯಮಾಪನದ ಅಧಿಕಾರಿ ಬಂದಳು. ಮೂವತ್ತರ ಆಸುಪಾಸಿನ ಹುಡುಗಿ, ಸಣ್ಣ ದನಿ, ಕೇಳಿದ ಪ್ರಶ್ನೆಯನ್ನು ಉತ್ತರ ಸಿಗುವವರೆಗೂ ಬಿಡದ ಸ್ವಭಾವ. ಸಾಹೇಬರು ಅವಳ ಮುಂದೆ ಅಂಕಿಗಳನ್ನು ಹರಡಿದರು. ಬಂದುಹೋಗುವ ಜನ ಏಳುಪಟ್ಟು. ಅಂಗಡಿ ಮೂರುಪಟ್ಟು. ಖಾಲಿ ಮನೆ ನಲವತ್ತೊಂದರಿಂದ ಮೂರಕ್ಕೆ.

“ಈ ನಲವತ್ತೊಂದೇ ನಮ್ಮ ಕಿರೀಟ, ಮೇಡಂ,” ಎಂದರು ಸಾಹೇಬರು. “ಪಾಳುಬಿದ್ದಿದ್ದ ಬೀದಿಗೆ ಜೀವ ತುಂಬಿದ್ದೀವಿ. ನೀವು ಯಶಸ್ವಿ ಅಂತ ಒಂದು ಮಾತು ಬರೆದ್ರೆ ಇದೇ ಫಾರಂ, ಇದೇ ಕ್ರಮ, ಕೆಳಗಿನ ಓಣಿಗೂ ಹಾಕ್ತೀವಿ. ಎರಡನೇ ಹಂತ ರೆಡಿ ಇದೆ.”

ಮೂಲೆಯ ಮೇಜಿನಲ್ಲಿದ್ದ ಎಣಿಕೆಯಕ್ಕನ ಕಿವಿ ನಿಮಿರಿತು. ಕೆಳಗಿನ ಓಣಿ ಎಂದರೆ ಹೊಳೆಯ ಕಡೆಯ ಇಳಿಜಾರು, ಹಳೇ ಬೀದಿಯಿಂದ ಎದ್ದವರು ಹೋಗಿ ಸೇರಿಕೊಂಡ ಜಾಗ. ಅಲ್ಲೂ ಮುಂದೆ ರಸ್ತೆ, ಹಿಂದೆ ಓಣಿ. ಅಲ್ಲೂ ಮುಂಬಾಗಿಲಿಗೆ ಬೀಗ.

“ನಲವತ್ತೊಂದು ಅನ್ನೋದರ ಮೂಲ ಯಾವುದು?” ಎಂದು ಹುಡುಗಿ ಕೇಳಿದಳು. “ಫಾರಂ ನೋಡಿದೆ. ಸ್ಥಳದಲ್ಲಿ ಬರೆದ ಕಚ್ಚಾ ಪುಸ್ತಕ ಇದೆಯಾ?”

“ಅವೆಲ್ಲ ಎಂದೋ ಗೆದ್ದಲು ಹಿಡಿದು ಹೋದ್ವು. ಎಣಿಸಿದೋರು ಮಾತ್ರ ಇಲ್ಲೇ ಇದ್ದಾರೆ. ಮೂವತ್ತಮೂರು ವರ್ಷದಲ್ಲಿ ಒಂದು ತಪ್ಪು ಮಾಡಿದವರಲ್ಲ. ಏನಕ್ಕಾ?”

ಎಣಿಕೆಯಕ್ಕ ಎದ್ದು ನಿಂತಳು. “ಹೌದು ಸರ್,” ಎಂದಳು. ಅದು ಯಾವುದಕ್ಕೆ ಹೌದೋ ಅವಳಿಗೇ ತಿಳಿಯಲಿಲ್ಲ. ಹುಡುಗಿ ಅವಳನ್ನೇ ಒಂದು ಕ್ಷಣ ನೋಡಿ, “ಗುರುವಾರ ಕಡೇ ಸಭೆ. ಅದರೊಳಗೆ ಸಿಕ್ಕರೆ ತನ್ನಿ. ಹೊಲಿದು ಪುಟಸಂಖ್ಯೆ ಹಾಕಿದ ಪುಸ್ತಕ ಆಗಿರಬೇಕು. ಬಿಡಿ ಹಾಳೆ ದಾಖಲೆ ಅಂತ ತಗೊಳ್ಳೋ ಹಾಗಿಲ್ಲ,” ಎಂದಳು.

ಮನೆಗೆ ಬಂದು ಟ್ರಂಕು ತೆರೆದಳು. ಹನ್ನೆರಡು ವರ್ಷದ ತೇವಕ್ಕೆ ಪುಸ್ತಕದ ಬೆನ್ನು ಕೊಳೆತು, ದಾರ ಹಿಸಿದು, ಹಾಳೆಗಳೆಲ್ಲ ಬಿಡಿಬಿಡಿಯಾಗಿ ಕೈಗೆ ಬಂದವು. ಗಂಡ ಸೊಪ್ಪು ಬಿಡಿಸುತ್ತ ಕೂತಿದ್ದವನು ನೋಡಿದ.

“ಏನೇ, ಹೂತಿಟ್ಟಿದ್ದನ್ನ ಮತ್ತೆ ಅಗೀತಿದ್ದೀಯ?”

ಅವಳು ಎಲ್ಲ ಹೇಳಿದಳು. ಹೇಳಿ, “ಎರಡು ತಿಂಗಳು ರೀ. ಎರಡೇ ತಿಂಗಳು. ಬಾಯಿಗೆ ಬೀಗ ಹಾಕ್ಕೊಂಡಿದ್ರೆ ಹಾರ ಹಾಕಿ ಕಳಿಸ್ತಾರೆ. ಇದನ್ನ ಕೊಟ್ಟರೆ ಮೂವತ್ತಮೂರು ವರ್ಷ ನೀರಲ್ಲಿ ಹೋಮ,” ಎಂದಳು.

ಅವನು ಸೊಪ್ಪಿನ ದಂಟು ಮುರಿದು ಪಕ್ಕಕ್ಕಿಟ್ಟ. ತಮಾಷೆಯ ಮುಖ ಇರಲಿಲ್ಲ. “ನೋಡು, ನಾನು ಒಂದೇ ಒಂದು ಸಲ ಕನ್ನಡೀಲಿ ನೋಡದೆ ಗಾಡಿ ಹಿಂದಕ್ಕೆ ತೆಗೆದಿದ್ದೆ. ಒಬ್ಬ ಮುದುಕನ ಕಾಲು ಹೋಯ್ತು. ನಿನಗೆ ಗೊತ್ತಲ್ಲ. ಅವತ್ತು ಕಂಡಕ್ಟರು, ನೀನು ಸುಮ್ಮನಿರಣ್ಣ, ಅವನೇ ಅಡ್ಡ ಬಂದ ಅಂತ ಬರೆಸೋಣ ಅಂದ. ಬರೆಸಲಿಲ್ಲ. ಮೂರು ತಿಂಗಳು ಮನೇಲಿ ಕೂತೆ. ಆದ್ರೆ ಆಮೇಲೆ ಸ್ಟೇರಿಂಗ್ ಹಿಡಿದಾಗ ಕೈ ನಡುಗಲಿಲ್ಲ ಕಣೇ. ಅಷ್ಟೇ ನನಗೆ ಗೊತ್ತಿರೋದು.”

ಅವಳು ಹಾಳೆಗಳನ್ನು ಜೋಡಿಸಿ ಎಣಿಸಿದಳು. ಅರವತ್ತನಾಲ್ಕು.

ಮರುದಿನ ಅರ್ಧ ದಿನ ರಜೆ ಹಾಕಿದಳು. ಕಾಗದದ ಅಂಗಡಿಯವನು ಹಾಳೆ ಮುಟ್ಟಿ ನೋಡಿ ತಲೆಯಾಡಿಸಿದ. “ಇದಕ್ಕೆ ಪಿನ್ನು ಹೊಡೆದ್ರೆ ಹರಿಯುತ್ತೆ, ಅಂಟು ಹಾಕಿದ್ರೆ ಕೈಗೆ ಬರುತ್ತೆ. ದಾರದಲ್ಲಿ ಹೊಲೀಬೇಕು ಅಕ್ಕಾ. ಹೊಲಿಯೋರು ಈಗ ಒಬ್ಬರೇ ಉಳಿದಿರೋದು. ಕೆಳಗಿನ ಓಣೀಲಿ ಇದ್ದಾರೆ. ಮುಂಚೆ ಹಳೇ ಬೀದೀಲಿದ್ರು.”

ಯಾರೆಂದು ಅವಳು ಕೇಳಬೇಕಾಗಿರಲಿಲ್ಲ.

ನೇರ ಕೆಳಗಿನ ಓಣಿಗೆ ಹೋಗಲು ಕಾಲು ಬರಲಿಲ್ಲ. ಮೊದಲು ಹಳೇ ಬೀದಿಗೆ ಹೋದಳು. ಇಪ್ಪತ್ತೇಳನೇ ಮನೆಯ ಮುಂದೆ ನಿಂತಳು, ಹನ್ನೆರಡು ವರ್ಷದ ಹಿಂದೆ ನಿಂತಿದ್ದ ಅದೇ ಕಲ್ಲಿನ ಮೇಲೆ. ಅಲ್ಲಿಂದ ಪಕ್ಕದ ಸಂದಿಗೆ ತಿರುಗಿ, ಗೋಡೆಯ ಗುಂಟ ನಡೆದು, ಹಿಂದಿನ ಓಣಿಗೆ ಹೊರಳಿ, ಮನೆಯ ಹಿಂಬಾಗಿಲಿನ ತನಕ ಹೆಜ್ಜೆ ಎಣಿಸಿದಳು. ನೂರಾ ಹತ್ತು. ಇನ್ನೊಮ್ಮೆ ಎಣಿಸಿದಳು. ನೂರಾ ಹತ್ತೇ. ಊರಿನ ಚರಂಡಿ ಮುಚ್ಚಳ ಎಣಿಸಲು ಸಾವಿರಾರು ಮೈಲಿ ನಡೆದಿದ್ದ ಕಾಲುಗಳಿಗೆ ನೂರಾ ಹತ್ತು ಹೆಜ್ಜೆ ಹೆಚ್ಚಾಗಿತ್ತು.

ಕೆಳಗಿನ ಓಣಿಯಲ್ಲಿ ಈ ಸಲ ಮುಂಬಾಗಿಲ ಕಡೆ ನೋಡಲೇ ಇಲ್ಲ, ಹಿಂದಿನಿಂದಲೇ ಹೋದಳು. ಒಂದೇ ಕೋಣೆ, ಅದಕ್ಕೆ ತಗಡಿನ ಚಾವಣಿ. ಕಿಟಕಿಯ ಪಕ್ಕ ಒತ್ತುಯಂತ್ರ, ಗೋಡೆಗೆ ದಾರದ ಉಂಡೆಗಳು, ಸಣ್ಣ ಒಲೆಯ ಮೇಲೆ ಅಂಟಿನ ಡಬ್ಬಿ. ಮೂಲೆಯಲ್ಲಿ ಕೈಯಿರುವ ಒಂದು ಮರದ ಕುರ್ಚಿ. ಜಾಗ ಅಷ್ಟು ಇಕ್ಕಟ್ಟಾಗಿದ್ದರೂ ಅದರ ಮೇಲೆ ಏನನ್ನೂ ಇಟ್ಟಿರಲಿಲ್ಲ. ಪುಸ್ತಕ ಕಟ್ಟುವಾತ ಕನ್ನಡಕವನ್ನು ಹಣೆಗೇರಿಸಿ ಹಾಳೆಗಳನ್ನು ತೆಗೆದುಕೊಂಡ.

“ಹಾಳೆ ಕ್ರಮ ಸರಿ ಇದೆಯೇನಮ್ಮ? ನೋಡ್ಕೊಂಡೇ ಹೊಲೀಬೇಕು. ಆಮೇಲೆ ಬಿಚ್ಚೋಕಾಗಲ್ಲ.”

ಒಂದೊಂದಾಗಿ ತಿರುವುತ್ತ ಹೋದ. ಪ್ರತಿ ಪುಟದ ನೆತ್ತಿಯ ಮೇಲೆ ಮನೆ ಸಂಖ್ಯೆ. ಇಪ್ಪತ್ತೈದು, ಇಪ್ಪತ್ತಾರು. ಆಮೇಲೆ ಕೈ ನಿಂತಿತು. ಕನ್ನಡಕ ಕೆಳಗಿಳಿಸಿ, ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಪೆನ್ಸಿಲಿನ ಆ ಮೂರು ಪದಗಳನ್ನು ಓದಿದ.

“ಇದು ನಮ್ಮನೆ,” ಎಂದ.

“ಹೌದಣ್ಣ. ಬರೆದವಳು ನಾನೇ,” ಎಂದಳು ಎಣಿಕೆಯಕ್ಕ. “ಸದ್ದು ಕೇಳಿಸ್ತು. ಆದ್ರೂ ಖಾಲಿ ಅಂತ ಬರೆದೆ.”

“ಗೊತ್ತು. ನೀಲಿ ಕೊಡೆ. ಮೂರು ಸಲ ಬಂದಿದ್ರಿ. ಮೇಲಿನ ಕಿಟಕಿಯಿಂದ ನೋಡಿದ್ದೆ.”

“ನೋಡಿದ್ರಾ? ಮತ್ತೆ ಯಾಕಣ್ಣ ಕೂಗಲಿಲ್ಲ?”

ಆತ ಹಾಳೆಯನ್ನು ಅದರ ಜಾಗಕ್ಕೆ ಇಟ್ಟು ಅಂಚು ಸಮ ಮಾಡಿದ. “ಹಳೇ ಮನೆಗಳಲ್ಲಿ ಒಲೆ ಉರಿಸಬಾರದು, ಮರದ ಕಟ್ಟಡ, ಬೆಂಕಿ ಹತ್ತುತ್ತೆ ಅಂತ ಆಗ ನೋಟಿಸು ಅಂಟಿಸಿದ್ರಲ್ಲ. ಅಂಟು ಕಾಯಿಸದೆ ನನ್ನ ಕೆಲಸ ಹೆಂಗೆ ನಡೀತದೆ? ವಾರ್ನಿಷಿನವರಿಗೂ ಅದೇ ಕಥೆ. ಹಲಗೆ ಹಿಡಿದವರು ಬೀದಿಗೆ ಬಂದ್ರೆ ಸಾಕು, ಇಡೀ ಬೀದಿ ಕೈ ನಿಲ್ಲಿಸ್ತಿತ್ತು. ಕೆಮ್ಮು ಬಂದ್ರೂ ನುಂಗ್ಕೊಳ್ತಿದ್ವಿ. ಇಲ್ಲ ಅನ್ನಿಸ್ಕೊಂಡ್ರೆ ಬಚಾವು ಅಂತ.” ಅಂಚನ್ನು ಮತ್ತೊಮ್ಮೆ ಸವರಿ ಹೇಳಿದ: “ಚೆನ್ನಾಗೇ ಇಲ್ಲ ಅನ್ನಿಸ್ಕೊಂಡ್ವಿ.”

ಆತ ಮೂಲೆಯ ಕುರ್ಚಿಯ ಕಡೆ ನೋಡಿದ.

“ನಮ್ಮಕ್ಕ ಇದ್ದಳು. ಹಾಳೆ ಮಡಚಿ ಹೊಲಿಯೋಳು ಅವಳೇ. ಕಣ್ಣು ಹೋಗಿ ಇಪ್ಪತ್ತು ವರ್ಷ ಆಗಿತ್ತು, ಆದ್ರೂ ಆ ಮನೇಲಿ ಅವಳಷ್ಟು ಸಲೀಸಾಗಿ ನಾನು ಓಡಾಡ್ತಿರಲಿಲ್ಲ. ಯಾವ ಮೆಟ್ಟಿಲು ಸವೆದಿದೆ, ಯಾವ ಕಂಬದಲ್ಲಿ ಬಿರುಕಿದೆ, ಎಲ್ಲ ಅಂಗೈಯಲ್ಲೇ ಗೊತ್ತು. ನೀವು ಮೂರನೇ ಸಲ ಬಂದಾಗ ಹೇಳಿದ್ಲು, ಹೆಣ್ಣು ಹೆಜ್ಜೆ ಕಣೋ, ಬಿಸಿಲಲ್ಲಿ ಮೂರನೇ ಸಲ ಬಂದಿದ್ದಾಳೆ, ಬಾಯಾರಿರಬೇಕು, ಹಿಂದಿನಿಂದ ಕರೆದು ನೀರು ಕೊಡು ಅಂತ. ನಾನೇ, ಸುಮ್ಮನಿರಕ್ಕಾ ಅಂದು ಬಾಯಿ ಮುಚ್ಚಿಸಿದೆ.”

ಹೊರಗೆ ಯಾರೋ ಬಕೆಟ್ಟು ಎಳೆಯುವ ಸದ್ದಾಯಿತು. ಇಬ್ಬರೂ ಅದು ಮುಗಿಯಲೆಂದು ಕಾದರು.

“ಇಲ್ಲಿಗೆ ಬಂದ ಮೇಲೆ ಅವಳಿಗೆ ಈ ಮನೆ ಕೈಗೆ ಹತ್ತಲೇ ಇಲ್ಲ. ಎರಡು ಸಲ ಬಿದ್ದಳು. ಆಮೇಲೆ ಆ ಕುರ್ಚಿ ಬಿಟ್ಟು ಏಳಲಿಲ್ಲ. ಅಲ್ಲೇ ಕೂತು ಹೊಲೀತಿದ್ಲು, ಆಮೇಲೆ ಅದೂ ಬಿಟ್ಟಳು. ಎರಡು ವರ್ಷಕ್ಕೆ ಹೋದಳು.”

“ತಪ್ಪಾಯ್ತಣ್ಣ,” ಎಂದಳು ಎಣಿಕೆಯಕ್ಕ. ಹನ್ನೊಂದು ವರ್ಷ ಬಾಯಲ್ಲಿ ಹೊರಳಿಸಿ ಹೊರಳಿಸಿ ಇಟ್ಟುಕೊಂಡಿದ್ದ ಮಾತು ಎಷ್ಟು ಸಣ್ಣದಾಗಿತ್ತೆಂದರೆ ಅವಳಿಗೇ ಅವಮಾನವಾಯಿತು. ಕಣ್ಣೊರೆಸಿಕೊಂಡಳು. ಆತ ಪರವಾಗಿಲ್ಲ ಎನ್ನಲಿಲ್ಲ. ಹೋಗು ಎಂದೂ ಅನ್ನಲಿಲ್ಲ. ಸೂಜಿಗೆ ಮೇಣ ಸವರಿದ ದಾರ ಪೋಣಿಸುತ್ತ, “ಇದನ್ನ ಯಾರಿಗೆ ಕೊಡ್ತೀರಿ?” ಎಂದು ಕೇಳಿದ.

ಅವಳು ಗುರುವಾರದ ಸಭೆ, ಎರಡನೇ ಹಂತ, ಕೆಳಗಿನ ಓಣಿ ಎಲ್ಲ ಹೇಳಿದಳು. ಆತ ಕೇಳಿಸಿಕೊಂಡ. ಕಡೆಗೆ, “ನಾಳೆ ಸಂಜೆ ಬನ್ನಿ. ಗಟ್ಟಿ ಹೊಲೀತೀನಿ,” ಎಂದ.

ಮರುದಿನ ಸಂಜೆ ಪುಸ್ತಕ ಸಿದ್ಧವಾಗಿತ್ತು. ಬೂದು ಬಟ್ಟೆಯ ಹೊದಿಕೆ, ಬೆನ್ನು ದುಂಡಗೆ, ಅರವತ್ತನಾಲ್ಕು ಹಾಳೆಗೂ ಮೂಲೆಯಲ್ಲಿ ಸಂಖ್ಯೆ. ಅವಳು ಹಳೇ ಅಭ್ಯಾಸದಂತೆ ಬೆರಳು ನೆನೆಸಿ ಎಣಿಸಿದಳು. ಆತ ಎಣಿಕೆ ಮುಗಿದ ಮೇಲೆ ಇಪ್ಪತ್ತೇಳನೇ ಮನೆಯ ಹಾಳೆ ತೆರೆದು ಅವಳ ಮುಂದಿಟ್ಟ.

“ನಿಮ್ಮ ಫಾರಮ್ಮಲ್ಲಿ ಎಷ್ಟು ಜನ ಅಂತ ಒಂದು ಕಾಲಂ ಇರುತ್ತಲ್ಲ?”

“ಇರುತ್ತೆ. ಖಾಲಿ ಮನೆಗೆ ಅಡ್ಡಗೆರೆ ಎಳೀತೀವಿ.”

“ಇದರಲ್ಲಿ ಬರೀರಿ. ಇಬ್ಬರು ಅಂತ.”

ಅವಳು ಪೆನ್ನು ತೆಗೆದಳು. ಪೆನ್ಸಿಲಿನ ಸಾಲಿನ ಕೆಳಗೆ ಶಾಯಿಯಲ್ಲಿ ‘ಇಬ್ಬರು’ ಎಂದು ಬರೆದು, ಅಂದಿನ ತಾರೀಖು ಹಾಕಿ, ಸಹಿ ಮಾಡಿದಳು. ಕೈ ನಡುಗಲಿಲ್ಲ. ಆತ ಶಾಯಿ ಆರುವವರೆಗೆ ನೋಡುತ್ತಿದ್ದು ಪುಸ್ತಕ ಮುಚ್ಚಿದ.

ಗುರುವಾರದ ಸಭೆಯಲ್ಲಿ ಏಳು ಜನ ಇದ್ದರು, ಎಂಟು ಕುರ್ಚಿ. ಅವಳು ಕೂರಲಿಲ್ಲ. ಪುಸ್ತಕವನ್ನು ಮೌಲ್ಯಮಾಪನದ ಹುಡುಗಿಯ ಮುಂದಿಟ್ಟು, ಹತ್ತೊಂಬತ್ತು ಮನೆಗಳ ಸಂಖ್ಯೆಯನ್ನು ಒಂದೊಂದಾಗಿ ಬಾಯಲ್ಲೇ ಹೇಳಿದಳು. ಸಾಹೇಬರ ಮುಖ ಕೆಂಪೇರಿತು.

“ಅಕ್ಕಾ, ಹೋಗೋ ಹೊತ್ತಲ್ಲಿ ನಮ್ಮ ತಲೆ ಮೇಲೆ ಚಪ್ಪಡಿ ಎಳೀತಿದ್ದೀರಿ. ಅಷ್ಟು ಅನುಮಾನ ಇದ್ದಿದ್ರೆ ಹಿಂದೆ ಹೋಗಿ ಯಾಕೆ ನೋಡಲಿಲ್ಲ?”

“ಕಾಲಂ ಇರಲಿಲ್ಲ ಸರ್.” ಅಲ್ಲಿಗೆ ನಿಲ್ಲಿಸಬಹುದಿತ್ತು. ಯಾರೂ ಅವಳನ್ನು ತಪ್ಪು ಎನ್ನುತ್ತಿರಲಿಲ್ಲ, ನಿಯಮ ಅವಳ ಕಡೆಗಿತ್ತು. ಅವಳು ನಿಲ್ಲಿಸಲಿಲ್ಲ. “ಆದ್ರೆ ದೂರವೇನೂ ಇರಲಿಲ್ಲ. ನೂರಾ ಹತ್ತು ಹೆಜ್ಜೆ. ಮೊನ್ನೆ ಎಣಿಸಿದೆ.”

ಹುಡುಗಿ ಪುಟ ತಿರುವುತ್ತ ಹೋಗಿ ಒಂದು ಪುಟದಲ್ಲಿ ಕೈ ತಡೆದಳು. “ಇಲ್ಲಿ ಶಾಯಿಯಲ್ಲಿದೆಯಲ್ಲ, ಇದು ಹೊಸದು?”

“ಹೌದು ಮೇಡಂ. ನಿನ್ನೆ ಬರೆದೆ. ತಾರೀಖು ಹಾಕಿದ್ದೀನಿ. ಅಲ್ಲಿ ಇಬ್ಬರಿದ್ರು.”

ಇಂಥ ಕಡೆ ಎಲ್ಲವೂ ಸರಿಹೋಯಿತು ಎಂದು ಬರೆಯುವ ಆಸೆ ಯಾರಿಗಿಲ್ಲ? ಸರಿಹೋಗಲಿಲ್ಲ. ಹಳೇ ಬೀದಿಗೆ ಯಾರೂ ಮರಳಲಿಲ್ಲ. ಹೂಕುಂಡಗಳು ಅಲ್ಲೇ ಇವೆ, ಹಿತ್ತಾಳೆ ಫಲಕವನ್ನು ಈಗಲೂ ವಾರಕ್ಕೊಮ್ಮೆ ಒರೆಸುತ್ತಾರೆ. ವರದಿಯಿಂದ ‘ಯಶಸ್ವಿ’ ಎಂಬ ಪದ ಹೋಯಿತು. ‘ಕಟ್ಟಡಗಳು ಉಳಿದಿವೆ, ಅವುಗಳಲ್ಲಿ ಇದ್ದವರ ಗತಿಯನ್ನು ಯೋಜನೆ ಅಳೆದಿಲ್ಲ’ ಎಂದು ಹುಡುಗಿ ಬರೆದಳು. ಕೆಳಗಿನ ಓಣಿಯನ್ನು ಎರಡೂ ಬಾಗಿಲಿನಿಂದ ಎಣಿಸುವವರೆಗೆ ಎರಡನೇ ಹಂತ ಶುರುವಾಗಕೂಡದು ಎಂದೂ ಬರೆದಳು. ಎಣಿಕೆಯಕ್ಕನ ಸೇವಾ ಪುಸ್ತಕದಲ್ಲಿ ‘ಕರ್ತವ್ಯದಲ್ಲಿ ಲೋಪ’ ಎಂಬ ಸಾಲು ಬಿತ್ತು, ಮೂವತ್ತಮೂರು ವರ್ಷದಲ್ಲಿ ಮೊದಲನೆಯದು. ಅವಳು ಅದನ್ನು ಓದಿ, ಸರಿ ಎಂದು ಸಹಿ ಹಾಕಿದಳು. ಬೀಳ್ಕೊಡುಗೆಗೆ ಬರೆದಿಟ್ಟಿದ್ದ ಭಾಷಣವನ್ನು ಸಾಹೇಬರು ಮೇಜಿನ ಡ್ರಾಯರಿಗೆ ಹಾಕಿದರು. ಹೋಗಲಿ ಬಿಡಿ, ಆ ಭಾಷಣ ನಾವೆಲ್ಲ ಎಲ್ಲೋ ಒಮ್ಮೆ ಕೇಳಿದ್ದೇ.

ಹೊಸ ಫಾರಮ್ಮಿನಲ್ಲಿ ಒಂದು ಕಾಲಂ ಹೆಚ್ಚಾಗಿತ್ತು: ‘ಹಿಂಬಾಗಿಲು ತಟ್ಟಲಾಯಿತೇ?’ ಕೆಳಗಿನ ಓಣಿಯನ್ನು ಎಣಿಸುವವರು ಯಾರು ಎಂದು ಕೇಳಿದಾಗ ಕಚೇರಿಯಲ್ಲಿ ಎಲ್ಲರೂ ತಂತಮ್ಮ ಕಡತದಲ್ಲಿ ಮುಖ ಹುದುಗಿಸಿದರು. ಎಣಿಕೆಯಕ್ಕ ಎದ್ದು ಹಲಗೆ ತೆಗೆದುಕೊಂಡಳು.

ಕಡೇ ತಿಂಗಳ ಎರಡನೇ ವಾರ ಅವಳು ಇಳಿಜಾರಿಗೆ ಇಳಿದಾಗ ಬಿಸಿಲು ಚುರುಗುಡುತ್ತಿತ್ತು. ಓಣಿಯ ಬಾಯಲ್ಲಿ ಇನ್ನೂ ಗರಗಸದ ಸದ್ದಿತ್ತು, ಒಂದು ಹೊಲಿಗೆ ಯಂತ್ರ ಓಡುತ್ತಿತ್ತು, ಯಾವುದೋ ಮನೆಯಲ್ಲಿ ರೇಡಿಯೋ. ಅವಳ ನೀಲಿ ಕೊಡೆ, ಎದೆಗವಚಿದ ಹಲಗೆ ತಿರುವಿನಲ್ಲಿ ಕಂಡದ್ದೇ ತಡ, ಗರಗಸ ನಿಂತಿತು. ಯಂತ್ರ ನಿಂತಿತು. ರೇಡಿಯೋ ಬಾಯಿ ಮುಚ್ಚಿತು. ಸದ್ದಿಲ್ಲದ ಓಣಿಯ ನಡುವೆ ಅವಳೊಬ್ಬಳೇ ನಿಂತಿದ್ದಳು. ಇಷ್ಟು ವರ್ಷ ತಾನು ನಡೆದ ಬೀದಿಗಳೆಲ್ಲ ಅಷ್ಟೊಂದು ಶಾಂತವಾಗಿರುತ್ತಿದ್ದುದು ಯಾಕೆಂದು ಅವಳಿಗೆ ಅರವತ್ತರ ಹೊಸ್ತಿಲಲ್ಲಿ ಅರ್ಥವಾಯಿತು.

ಹಿಂದಿನಿಂದ ಹೋಗಿ ಮೊದಲನೇ ಬಾಗಿಲು ತಟ್ಟಿದಳು. ಉತ್ತರವಿಲ್ಲ. ಮತ್ತೆ ತಟ್ಟಿ, “ಒಲೆ ನೋಡೋಕೆ ಬಂದಿಲ್ಲಮ್ಮ, ನಿಮ್ಮನ್ನ ನೋಡೋಕೆ ಬಂದಿದ್ದೀನಿ,” ಎಂದು ಕೂಗಿದಳು. ಬಹಳ ಹೊತ್ತಿನ ಮೇಲೆ ಚಿಲಕ ಸರಿಯಿತು. ಎರಡನೇ ಬಾಗಿಲಿಗೆ ಅಷ್ಟು ಹೊತ್ತು ಹಿಡಿಯಲಿಲ್ಲ. ಒಂದೊಂದು ಮನೆಯಲ್ಲೂ ಕೂತು, ಹೆಸರು ಕೇಳಿ, ಕಸುಬು ಕೇಳಿ, ತೊಟ್ಟಿಲಲ್ಲಿದ್ದ ಕೂಸನ್ನೂ ಬಿಡದೆ ಬರೆದುಕೊಂಡಳು. ಒಬ್ಬಳು ಮುದುಕಿ, “ನನ್ನನ್ನೂ ಲೆಕ್ಕಕ್ಕೆ ತಗೋತೀಯೇನೇ?” ಎಂದು ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡಳು. ಬಡಗಿಯ ಹೆಂಡತಿ ನೀರು ತಂದುಕೊಟ್ಟಳು. ಎಣಿಕೆಯಕ್ಕ ಅದನ್ನು ಪೂರ್ತಿ ಕುಡಿದಳು.

ಹದಿನಾರನೆಯದು ಪುಸ್ತಕ ಕಟ್ಟುವಾತನ ಮನೆ. ಬಾಗಿಲು ತೆರೆದೇ ಇತ್ತು. ಓಣಿಯ ಬಾಯಿಗೆ ಕೇಳಿಸದಿದ್ದರೂ, ಎಲ್ಲರೂ ಕೈ ನಿಲ್ಲಿಸಿದ್ದಾಗ ನಿಲ್ಲಿಸದೆ ಇದ್ದದ್ದು ಇದೊಂದೇ ಮನೆಯ ಸುತ್ತಿಗೆಯಿರಬೇಕು, ಅವಳು ಹೊಸ್ತಿಲಿಗೆ ಬಂದಾಗಲೂ ಅದು ಟಕ್ ಟಕ್ ಎನ್ನುತ್ತಿತ್ತು. ಆತ ಅವಳನ್ನು ಕಂಡು ಕೈ ತಡೆಯಲಿಲ್ಲ. ಒಂದು ಪುಸ್ತಕದ ಬೆನ್ನು ದುಂಡಗಾಗುವವರೆಗೆ ಬಡಿದು ಮುಗಿಸಿ, ಆಮೇಲೆ ಸುತ್ತಿಗೆ ಕೆಳಗಿಟ್ಟ.

“ಕೇಳಿ,” ಎಂದ.

ಉತ್ತರ ಅವಳಿಗೆ ಗೊತ್ತಿತ್ತು. ಗೊತ್ತಿದ್ದುದನ್ನೂ ಕೇಳಿಯೇ ಬರೆಯಬೇಕು, ಕೇಳದೆ ಬರೆದುದರ ಗತಿ ಅವಳು ಕಂಡಿದ್ದಳು. ಹಲಗೆಯ ಮೇಲೆ ಫಾರಂ ಸರಿಮಾಡಿಕೊಂಡು, ಪೆನ್ನಿನ ಮುಚ್ಚಳ ತೆಗೆದು, ಒಂದೊಂದೇ ಪದ ಬಿಡಿಸಿ ಕೇಳಿದಳು: “ಮನೇಲಿ ಎಷ್ಟು ಜನ ಇದ್ದೀರಣ್ಣ?”

ಆತ ಮೂಲೆಯ ಕುರ್ಚಿಯ ಕಡೆ ನೋಡಿದ. ಅವಳೂ ನೋಡಿದಳು.

“ಒಬ್ಬ,” ಎಂದ.

ಅವಳು ಬರೆದುಕೊಂಡಳು.